ಬಾಲ ತೂಗಿದ ಹಕ್ಕಿ

ವೈನಿ, ಅಂದು ನೀವು ಹೇಳಿದ್ದೇ ಸರಿ. ಅದು ಶಿಕ್ರಾ ಅಲ್ಲ, ಪಪೀಹಾ. ನಾನೂ ನೋಡಿದ್ದೆ—ನೋಡಿಯೂ ಸುಳ್ಳು ಹೇಳಿದೆ.

ಅಣ್ಣನ ಕೈ ಹಿಡಿದು ನಾರಾಯಣಗೂಡದ ನಮ್ಮ ಮನೆಗೆ ಬಂದ ನೀವೇ ನನಗೆ ಹಕ್ಕಿಯ ಹುಚ್ಚು ಹಿಡಿಸಿದವರು. ಶಿಕ್ರಾ ಬೇಟೆಯ ಗಿಡುಗ. ಪಪೀಹಾ ಕೋಗಿಲೆಯ ಜಾತಿ. ಆದರೂ ಅದೇ ಬೂದು ಬೆನ್ನು, ಅದೇ ಪಟ್ಟೆ ಬಾಲ, ಹಾರುವ ಠೀವಿಯೂ ಅದೇ. "ಮೈ ನೋಡಿ ಮರುಳಾಗಬ್ಯಾಡ," ಅನ್ನುತ್ತಿದ್ದಿರಿ. ಶಿಕ್ರಾದ ಕೊಕ್ಕು ಕೊಕ್ಕೆಯಂತೆ ಬಾಗಿರುತ್ತದೆ. ಪಪೀಹಾ ಕೂತೊಡನೆ ಬಾಲವನ್ನು ಅತ್ತಿತ್ತ ತೂಗುತ್ತದೆ.

ಆ ಬೆಳಗು ಈಗಲೂ ಕನಸಿನಲ್ಲಿ ಬರುತ್ತದೆ. ಶಂಶಾಬಾದಿನ ಆಚೆಯ ಕಾಡು, ಮೊದಲ ಮಳೆಗೆ ಚಿಗುರಿದ ತೇಗ, ನೀರಿನೊಳಗಿಂದ ಬಂದಂಥ ಬೆಳಕು... ಒಬ್ಬರು ಹೇಳಿದ ಹೆಸರಿಗೆ ಇನ್ನೊಬ್ಬರು ನೋಡಿ ಹೂಂ ಅನ್ನಬೇಕು—ಅದು ಹಕ್ಕಿ ನೋಡುವ ನಮ್ಮ ತಂಡದ ಪದ್ಧತಿ. ನಿಮಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಇನ್ನು ನಿಮಗೆ ಸರಿಯಾಗಿ ಕಾಣುವುದಿಲ್ಲವೆಂದು ಹಿಂದಿನಿಂದ ಗುಸುಗುಸು ನಡೆದಿತ್ತು. ಕೊಂಬೆಗೆ ಬಂದು ಕೂತ ಹಕ್ಕಿಯೊಂದನ್ನು ನೋಡಿ ನೀವು ದುರ್ಬೀನನ್ನು ನನ್ನ ಕೈಗಿಟ್ಟಿರಿ.

"ಪಪೀಹಾ. ನೀನೂ ನೋಡು, ಹೌದಲ್ಲ?"

ಕೊಕ್ಕೆಯಿಲ್ಲದ ಕೊಕ್ಕು, ತೂಗುವ ಬಾಲ—ಎಲ್ಲ ಕಂಡಿತು. ಆದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಎಷ್ಟು ವರ್ಷ ನಿಮ್ಮ ಸೆರಗು ಹಿಡಿದು ತಿರುಗಿದ್ದೆ! ಒಮ್ಮೆ—ಒಂದೇ ಒಮ್ಮೆ—ನಿಮಗಿಂತ ಬಲ್ಲವಳು ಅನ್ನಿಸಿಕೊಳ್ಳಬೇಕು ಅನ್ನಿಸಿತು. ಹೊಟ್ಟೆಕಿಚ್ಚು ಅದು, ಬೇರೆ ಹೆಸರಿಲ್ಲ.

"ಇಲ್ಲರಿ ವೈನಿ, ಶಿಕ್ರಾನ ಐತಿ."

"ಹಂಗಾರ ನನ್ನ ಕಣ್ಣ ಸೋತಾವ ಬಿಡವ್ವ," ಎಂದು ನಕ್ಕಿರಿ. ದುರ್ಬೀನನ್ನು ಮರಳಿ ಇಸಿದುಕೊಳ್ಳಲಿಲ್ಲ. ಆಮೇಲೆ ಒಂದು ಸಲವೂ ಕಾಡಿಗೆ ಬರಲಿಲ್ಲ. ನಾನು ಮಾತ್ರ ಅದನ್ನು ಕೊರಳಿಗೆ ಹಾಕಿಕೊಂಡು ವರ್ಷಗಟ್ಟಲೆ ಮೆರೆದೆ.

ನಿನ್ನೆ ಸಂಜೆ ಹಿತ್ತಲ ಬೇವಿನಲ್ಲಿ ಪಪೀಹಾ ಕೂಗಿತು, ದನಿ ಏರಿಸಿ ಏರಿಸಿ—ಕಣ್ಣು ಮುಚ್ಚಿಯೂ ಗುರುತಿಸಬಹುದಾದ ಕೂಗು. ಸೊಪ್ಪು ಸೋಸುತ್ತಿದ್ದ ನಿಮ್ಮ ಕೈ ನಿಂತಿತು. ತುಟಿ ಅಲುಗಿತು. ಹೆಸರು ಮಾತ್ರ ಹೊರಬರಲಿಲ್ಲ. ನನ್ನತ್ತ ತಿರುಗಿ, "ಯಾವ ಹಕ್ಕಿ ಅದು? ನೀನ ಹೇಳವ್ವ," ಅಂದಿರಿ.

ಪಪೀಹಾ ಅಂದೆ.

"ಹೌದೇನು? ನೀ ಅಂದ್ರ ಖರೇ ಇರಬೇಕು."

ರಾತ್ರಿಯೆಲ್ಲ ಆ ಮಾತು ಚುಚ್ಚುತ್ತಲೇ ಇತ್ತು. ಭಾನುವಾರ ತಂಡದವರು ಸೇರುತ್ತಾರೆ. ಅವರೆದುರಿಗೂ ಇದನ್ನೇ ಹೇಳುತ್ತೇನೆ. ನೀವು ನನ್ನ ಜೊತೆ ಕಾಡಿಗೆ ಬನ್ನಿರೆಂದು ಕೇಳುವ ಮುಖ ನನಗಿಲ್ಲ. ದುರ್ಬೀನನ್ನು ಒರೆಸಿ ನಿಮ್ಮ ದಿಂಬಿನ ಪಕ್ಕ ಇಟ್ಟಿದ್ದೇನೆ. ನಿಮ್ಮ ಕಣ್ಣು ಸೋತಿರಲಿಲ್ಲ, ವೈನಿ.