ಹಸಿರು ಬಳಿದ ಪಂಪು

ಬೋರು ಕೊರೆಯುವ ಅವನಿಗೆ ಊರಿಟ್ಟ ಹೆಸರು ಸಿಹಿನೀರಣ್ಣ. ನದಿ ಹತ್ತು ಕವಲಾಗಿ ಸಮುದ್ರ ಸೇರುವ ಆ ಬಯಲಿನಲ್ಲಿ ಎಲ್ಲಿ ಪೈಪು ಇಳಿಸಿದರೂ ನೀರು ಬರುತ್ತಿತ್ತು. ಇವನ ಹೆಚ್ಚುಗಾರಿಕೆ ಏನೂ ಇರಲಿಲ್ಲ. ಆದರೂ ಮೊದಲ ಬೊಗಸೆ ತಾನೇ ಕುಡಿದು, ಕಣ್ಣು ಮುಚ್ಚಿ, "ಕಲ್ಲುಸಕ್ಕರೆ!" ಎನ್ನದೆ ಪಂಪು ಬಿಟ್ಟುಕೊಟ್ಟವನಲ್ಲ. ಅವನು ಹೇಳಿದ ಮೇಲೆ ಮುಗಿಯಿತು, ಊರೂ ಕಣ್ಣು ಮುಚ್ಚಿ ಕುಡಿಯುತ್ತಿತ್ತು.

ಮೊಟ್ಟಮೊದಲು ಕೊರೆದದ್ದು ಅಕ್ಕನ ಅಂಗಳದಲ್ಲಿ. ಅರವತ್ತಡಿಗೆ ಕಪ್ಪು ಮರಳು, ಅದರ ಜೊತೆಗೇ ನೀರು. ಕೆಂಪು ಮರಳು ಸಿಗುವವರೆಗೆ ನಿಲ್ಲಿಸಬೇಡ ಎಂದು ಕೆಲಸ ಕಲಿಸಿದ ಮುದುಕ ಬಡಿದುಕೊಂಡಿದ್ದ. ಆದರೆ ಅಕ್ಕ ಕೊಡ ಹಿಡಿದು ನಿಂತಿದ್ದಳು, ಇವನಿಗೂ ಮೆರೆಯುವ ಆತುರ. ಅಲ್ಲಿಗೇ ನಿಲ್ಲಿಸಿದ.

ಇಪ್ಪತ್ತು ವರ್ಷದ ಮೇಲೆ ನೀರು ಪರೀಕ್ಷಿಸುವ ಹುಡುಗಿ ಬಂದಳು. ಅಕ್ಕ ಮಗಳ ಬಾಣಂತನಕ್ಕೆ ಹೋಗಿದ್ದಳು, ಅಂಗಳದಲ್ಲಿ ಇವನೊಬ್ಬನೇ. ಸೀಸೆಯ ಬಾಯಿಗಿಟ್ಟ ಚೀಟಿ ಕಂದು ಬಣ್ಣಕ್ಕೆ ತಿರುಗಿತು.

"ಆರ್ಸೆನಿಕ್ ಇದೆ, ವಿಷ. ಕೆಳಗಿನ ಕಪ್ಪು ಮರಳಿಂದಾನೇ ಬರುತ್ತೆ. ರುಚೀಲಿ ಗೊತ್ತಾಗಲ್ಲ. ಬಟ್ಟೆ ಒಗೀರಿ, ಕುಡೀಬೇಡಿ. ಕುಡಿಯೋ ನೀರಿಗೆ ಹಸಿರು, ಇದಕ್ಕೆ ಕೆಂಪು" ಎಂದು ಪಂಪಿನ ಮೂತಿಗೆ ಕೆಂಪು ಬಳಿದು ಹೋದಳು.

ಇವನೇ ಕೊರೆದ ಬೀದಿಯ ಉಳಿದ ಪಂಪುಗಳೂ ಕೆಂಪಾದವು. ಅವಕ್ಕೆ ಭೂಮಿಯನ್ನು ಬೈದು ಪಾರಾಗಬಹುದಿತ್ತು. ಒಡಹುಟ್ಟಿದವಳಿಗೇ ವಿಷ ಕುಡಿಸಿದ ಎಂದರೆ ಮುಖ ಎಲ್ಲಿಟ್ಟುಕೊಳ್ಳುವುದು? ನಾಳೆಯೇ ಇನ್ನೂ ಆಳಕ್ಕೆ ಇಳಿಸಿಬಿಡುತ್ತೇನೆ, ಯಾರಿಗೂ ತಿಳಿಯುವುದು ಬೇಡ ಎಂದುಕೊಂಡು ಆ ಮಧ್ಯಾಹ್ನವೇ ಕೆಂಪಿನ ಮೇಲೆ ಹಸಿರು ಬಳಿದ ಪುಣ್ಯಾತ್ಮ. ಆ ನಾಳೆ ಎರಡು ವರ್ಷವಾದರೂ ಬರಲಿಲ್ಲ.

ಬಂದದ್ದು ಬೀದಿಯ ಹೆಂಗಸರು. ಹಸಿರು ಇರುವುದು ಇದೊಂದೇ ತಾನೇ! ತಮ್ಮ ಪಂಪು ಬಿಟ್ಟು ಅಕ್ಕನ ಅಂಗಳದಲ್ಲಿ ಸಾಲುಗಟ್ಟಿದರು. "ನನ್ನ ತಮ್ಮ ಕೊರೆದಿದ್ದು" ಎಂದು ಅಕ್ಕ ಬೀಗುವಳು. ಇವನಿಗೂ ಲೋಟ ಚಾಚುವಳು.

"ಈಗ್ತಾನೇ ಕುಡ್ದೆ ಕಣಕ್ಕ" ಎನ್ನುವನು ಸಿಹಿನೀರಣ್ಣ. ಎನ್ನುವಾಗಲೆಲ್ಲ ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಕ್ಕ ಅಂಗೈ ತೋರಿಸಿದಳು. ಸಾಸಿವೆ ಚೆಲ್ಲಿದಂತೆ ಗಟ್ಟಿ ಗುಳ್ಳೆಗಳು.

"ನರ್ಸಮ್ಮ ನೀರಿನ ದೋಷ ಅಂತಾಳೆ ಕಣೋ. ನಮ್ಮದು ಹಸಿರು, ನನ್ನ ತಮ್ಮನ ಬೋರು ಅಂತ ಸರಿಯಾಗಿ ದಬಾಯಿಸಿದೆ!"

ಅವನು ಮನೆಗೆ ಹೋಗಿ ಕೆಂಪು ಬಣ್ಣದ ಡಬ್ಬಿ ತಂದ. ಸಾಲಿನಲ್ಲಿ ಹತ್ತು ಕೊಡಗಳಿದ್ದವು. ಎಲ್ಲರ ಕಣ್ಣೆದುರೇ ಪಂಪಿನ ಮೂತಿಗೆ ಬಳಿಯತೊಡಗಿದ. ಅರ್ಧ ಬಣ್ಣ ಕಾಲ ಮೇಲೆ ಚೆಲ್ಲಿತು.

"ಅಕ್ಕಾ, ಇದು ಆವತ್ತೇ ಕೆಂಪಾಗಿತ್ತು. ಹಸಿರು ಬಳ್ದೋನು ನಾನು."

ಯಾರೂ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅಕ್ಕ ತನ್ನ ಅಂಗೈಯನ್ನೂ ಅವನ ಮುಖವನ್ನೂ ನೋಡಿದಳು.

"ಅದಕ್ಕೇನೋ ನೀನು ಎರಡು ವರ್ಷದಿಂದ ನಮ್ಮನೇಲಿ ನೀರು ಮುಟ್ಟದೇ ಇದ್ದದ್ದು? ನಿಂಗೆ ನನ್ನ ಮೇಲೆ ಏನೋ ಕೋಪ ಅಂದ್ಕೊಂಡಿದ್ನಲ್ಲೋ."