ಹೃತ್ಕರ್ಣ ಎಂದರೆ ಹೃದಯದ ಕಿವಿ

ಮಗಳ ಜೀವಶಾಸ್ತ್ರದ ಪುಸ್ತಕವನ್ನು ನಾನು ಮೊದಲ ಸಲ ಓದಿದ್ದು ಬಟಾಣಿ ಬಿಡಿಸುತ್ತಾ. ಆಕ್ಲೆಂಡಿನ ಪಾಪಕುರಾ ಬಡಾವಣೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಅವಳು ಅದನ್ನು ತೆರೆದಿಟ್ಟು ನೆಟ್‌ಬಾಲ್ ಆಡಲು ಹೋಗಿದ್ದಳು. ಪುಟದ ತುಂಬ ಒಂದೇ ಒಂದು ಜೀವಕೋಶದ ಚಿತ್ರ. ಸುಮ್ಮನೆ ಕಣ್ಣಾಡಿಸಿದೆ. ಆಮೇಲೆ ಪುಟ ತಿರುಗಿಸಿದೆ. ಅವಳು ವಾಪಸ್ ಬರುವ ಹೊತ್ತಿಗೆ ನಾನು ಬಟಾಣಿ ಸಿಪ್ಪೆಯನ್ನೆಲ್ಲ ಪಾತ್ರೆಗೂ ಕಾಳನ್ನೆಲ್ಲ ಕಸದ ಬುಟ್ಟಿಗೂ ಹಾಕಿ ಕೂತಿದ್ದೆ.

ನಾನು ಹುಣಸೂರಿನ ಹತ್ತಿರದ ಒಂದು ಸಣ್ಣ ಊರಿನವಳು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. ವಿಜ್ಞಾನವೆಂದರೆ ಬಲು ಇಷ್ಟ. ಆದರೆ ನಮ್ಮೂರಿನ ಜೂನಿಯರ್ ಕಾಲೇಜಿನಲ್ಲಿ ಇದ್ದದ್ದು ಕಲೆ ಮತ್ತು ವಾಣಿಜ್ಯ ಮಾತ್ರ. ವಾಣಿಜ್ಯಕ್ಕೆ ಸೇರಿದೆ. ಅದರಿಂದ ಎದೆಯೊಡೆದುಹೋಯಿತು ಅಂತೇನೂ ಇಲ್ಲ. ಗೆಳತಿಯರೆಲ್ಲ ಅಲ್ಲೇ ಸೇರಿದರು, ನಾನೂ ಸೇರಿದೆ. ಬಿ.ಕಾಂ. ಮುಗಿಯಿತು, ಮದುವೆಯಾಯಿತು, ಗಂಡನ ಕೆಲಸದ ಜೊತೆಗೆ ನ್ಯೂಜಿಲೆಂಡಿನ ಆಕ್ಲೆಂಡಿಗೆ ಬಂದೆವು. ನನಗೆ ಅಲ್ಲಿನ ಪೆನ್‌ರೋಸಿನ ಒಂದು ಗೋದಾಮಿನ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಯಾವ ಟ್ರಕ್ಕು ಎಲ್ಲಿಗೆ ಹೊರಟಿತು ಎಂದು ನೋಡಿಕೊಳ್ಳುವ ಕೆಲಸ. ಚೆನ್ನಾಗಿಯೇ ಇತ್ತು.

ಬಟಾಣಿಯ ದಿನದಿಂದ ನಾನು ಮಗಳ ಪುಸ್ತಕವನ್ನು ಕದ್ದು ಕದ್ದು ಓದತೊಡಗಿದೆ. ಇಂಗ್ಲಿಷಿನ ಒಂದೊಂದು ಪದ ಓದಿದಾಗಲೂ ಒಳಗಿನಿಂದ ಅದರ ಕನ್ನಡ ಪದ ತಾನಾಗಿಯೇ ಎದ್ದು ಬರುತ್ತಿತ್ತು. ಕೋಶಕೇಂದ್ರ. ಪತ್ರಹರಿತ್ತು. ದ್ಯುತಿಸಂಶ್ಲೇಷಣೆ. ಅಷ್ಟು ವರ್ಷ ಬಾಯಿಗೇ ಬಾರದ ಮಾತುಗಳು ಎಲ್ಲಿದ್ದವೋ ಏನೋ. ಒಂದು ಸಂಜೆ ಮಗಳಿಗೆ ಪರೀಕ್ಷೆಗೆ ಪ್ರಶ್ನೆ ಕೇಳುತ್ತಿದ್ದೆ. ಉತ್ತರವನ್ನೂ ನಾನೇ ಹೇಳಿಬಿಡುತ್ತಿದ್ದೆ. ಅವಳು ಪುಸ್ತಕ ಮುಚ್ಚಿದಳು. ನಾನು ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು ಅವಳು.

“ಅಮ್ಮ, ಯು ಶುಡ್ ಜಸ್ಟ್ ಗೋ ಅಂಡ್ ಸ್ಟಡಿ ದಿಸ್,” ಎಂದಳು.

ಅವಳೇ ಫೋನಿನಲ್ಲಿ ಹುಡುಕಿ ಒಂದು ಪಾಲಿಟೆಕ್ನಿಕ್ ತೋರಿಸಿದಳು. ಶಾಲೆ ಬಿಟ್ಟು ಎಷ್ಟೋ ವರ್ಷವಾದವರಿಗೆಂದೇ ಅಲ್ಲಿ ಜೀವಶಾಸ್ತ್ರದ ತರಗತಿ ಇತ್ತು. ಅದು ಮುಗಿದರೆ ನರ್ಸಿಂಗಿಗೋ ಪ್ರಯೋಗಾಲಯದ ಕೆಲಸಕ್ಕೋ ಹೋಗಬಹುದು. ಗಂಡನಿಗೆ ಹೇಳಿದೆ. ಅವರು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ, “ಸೇರ್ಕೋ. ತರಗತಿ ಇರೋ ದಿನ ಅಡಿಗೆ ನಂದು,” ಎಂದರು. ಮಾತು ಉಳಿಸಿಕೊಂಡರು. ಆದರೆ ಅವರಿಗೆ ಬರುತ್ತಿದ್ದುದು ಉಪ್ಪಿಟ್ಟು ಮಾತ್ರ. ಗೋದಾಮಿನವರು ನನ್ನ ಕೆಲಸವನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿಕೊಟ್ಟರು. ಹೀಗೆ ತಲೆಯಲ್ಲಿ ಬೆಳ್ಳಿಕೂದಲು ಕಾಣಿಸಿಕೊಂಡ ಮೇಲೆ ನಾನು ಹೆಗಲಿಗೆ ಚೀಲ ಹಾಕಿಕೊಂಡು ಪಾಪಕುರಾ ಸ್ಟೇಷನ್ನಿನಲ್ಲಿ ಕಾಲೇಜಿನ ಮಕ್ಕಳ ನಡುವೆ ನಿಂತೆ.

ನಮ್ಮ ಮೇಷ್ಟ್ರು ಚಳಿಗಾಲದಲ್ಲೂ ಚಡ್ಡಿ ತೊಡುವ ಎತ್ತರದ ಮನುಷ್ಯ. ಎಲ್ಲರೂ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನನಗೆ ನಾಲಗೆಯೇ ಏಳುತ್ತಿರಲಿಲ್ಲ, ಸರ್ ಎನ್ನುತ್ತಿದ್ದೆ. ಈ ದೇಶದಲ್ಲಿ ಸರ್ ಅನ್ನಿಸಿಕೊಳ್ಳಬೇಕಾದರೆ ರಾಜನೇ ಬಿರುದು ಕೊಡಬೇಕು, ನನಗಿನ್ನೂ ಕೊಟ್ಟಿಲ್ಲ ಎಂದು ಅವರು ನಕ್ಕರು. ಆದರೂ ನಾನು ಬಿಡಲಿಲ್ಲ. ಕೊನೆಗೆ ತರಗತಿಯ ಅರ್ಧ ಮಂದಿ ಅವರನ್ನು ಸರ್ ಎಂದೇ ಕರೆಯತೊಡಗಿದರು.

ಪ್ರಯೋಗಗಳಿಗೆ ಇಬ್ಬಿಬ್ಬರ ಜೋಡಿ. ನನ್ನ ಜೋಡಿಯಾಗಿ ಬಂದವಳು ಈ ದೇಶದ ಮೂಲನಿವಾಸಿಗಳಾದ ಮಾವೊರಿ ಜನರ ಒಬ್ಬ ಹೆಂಗಸು. ನನಗಿಂತ ಹನ್ನೆರಡು ಹದಿಮೂರು ವರ್ಷ ದೊಡ್ಡವಳು, ಮೊಮ್ಮಕ್ಕಳನ್ನು ಕಂಡವಳು. ವರ್ಷಗಟ್ಟಲೆ ಸಿಟಿ ಬಸ್ಸು ಓಡಿಸಿದವಳಾದ್ದರಿಂದ ಅವಳ ದನಿಗೆ ಹಿಂದಿನ ಸೀಟಿನವರಿಗೂ ಕೇಳಿಸುವ ಶಕ್ತಿಯಿತ್ತು. ಈ ವಯಸ್ಸಿನಲ್ಲಿ ಯಾಕೆ ಜೀವಶಾಸ್ತ್ರ ಎಂದು ಕೇಳಿದ್ದಕ್ಕೆ, ನೀನು ಯಾಕೆ ಬಂದೆಯೋ ಅದಕ್ಕೇ ಎಂದು ಹಾರಿಸಿಬಿಟ್ಟಳು. ನಾನು ಅವಳನ್ನು ಆಂಟಿ ಎಂದೆ. ಅವಳು ನನ್ನನ್ನು ಹುಡುಗಿ ಎಂದಳು. ನನ್ನನ್ನು ಯಾರಾದರೂ ಹುಡುಗಿ ಎಂದು ಕರೆದು ಎಷ್ಟು ಕಾಲವಾಗಿತ್ತೋ.

ಒಂದು ಬೆಳಿಗ್ಗೆ ನೀರಿಳಿತದ ಹೊತ್ತಿಗೆ ಮೇಷ್ಟ್ರು ನಮ್ಮೆಲ್ಲರನ್ನೂ ಮನುಕಾವ್ ಬಂದರಿನ ಕೆಸರಿಗೆ ಕರೆದುಕೊಂಡು ಹೋದರು. ಚೌಕಾಕಾರದ ಒಂದು ಚೌಕಟ್ಟನ್ನು ಕೆಸರಿನ ಮೇಲಿಟ್ಟು ಅದರೊಳಗಿನ ಏಡಿಗಳ ಬಿಲಗಳನ್ನು ಎಣಿಸಬೇಕಿತ್ತು. ನಾನು ನಾಲ್ಕು ಹೆಜ್ಜೆ ಇಟ್ಟಿರಬೇಕು, ಗಮ್‌ಬೂಟು ಕೆಸರಿನಲ್ಲೇ ಉಳಿಯಿತು, ಕಾಲು ಮಾತ್ರ ಹೊರಗೆ ಬಂತು. ಸಾವರಿಸಿಕೊಳ್ಳಲು ಹೋಗಿ ಧೊಪ್ಪನೆ ಕೂತುಬಿಟ್ಟೆ. ಎತ್ತಲು ಬಂದ ಆಂಟಿಯೂ ನಗುವಿನ ಭರಕ್ಕೆ ನನ್ನ ಪಕ್ಕದಲ್ಲೇ ಕೂತಳು. ಕೂತ ಮೇಲೆ ಏಳುವ ಅವಸರವೇನು? ನಾವು ಕುಳಿತಲ್ಲಿಂದಲೇ ಎಣಿಸಿದೆವು. ನಾವು ಅಲುಗಾಡದೆ ಇದ್ದುದರಿಂದ, ಮೊದಲು ಹೆದರಿ ಒಳಸೇರಿದ್ದ ಏಡಿಗಳು ಒಂದೊಂದಾಗಿ ಹೊರಗೆ ಬಂದು ನಮ್ಮನ್ನೇ ನೋಡಿದವು.

ಸುತ್ತ ಮ್ಯಾಂಗ್ರೋವ್ ಗಿಡಗಳಿದ್ದವು. ಕೆಸರಿನಿಂದ ಮೇಲೆದ್ದ ಪೆನ್ಸಿಲಿನಂಥ ಬೇರುಗಳ ಮೂಲಕ ಉಸಿರಾಡುವ ಗಿಡ. ಅವರ ಭಾಷೆಯಲ್ಲಿ ಅದಕ್ಕೆ ‘ಮಾನವ’ ಎನ್ನುತ್ತಾರೆ ಎಂದು ಆಂಟಿ ಹೇಳಿದಾಗ ನಾನು ಬೆಚ್ಚಿಬಿದ್ದೆ. ನಮ್ಮ ಭಾಷೆಯಲ್ಲಿ ಹಾಗೆಂದರೆ ಮನುಷ್ಯ ಎಂದೆ. ಮೊದಲ ಅಕ್ಷರವನ್ನು ಎಳೆಯದೆ ‘ಮನವ’ ಎಂದರೆ ಅವರಲ್ಲಿ ಹೃದಯವಂತೆ. ನಮ್ಮಲ್ಲಿಯೂ ‘ಮನ’ ಎಂದರೆ ಸರಿಸುಮಾರು ಅದೇ ಎಂದು ಹೇಳಿದೆ. ಅವಳು, ಹಾಗಾದರೆ ನಿಮ್ಮಜ್ಜಿ ನಮ್ಮಜ್ಜಿ ಎಲ್ಲೋ ಒಂದು ಕಡೆ ಕೂತು ಮಾತಾಡಿರಬೇಕು ಎಂದಳು. ಇಬ್ಬರೂ ಕೆಸರಿನ ಮೈಯಲ್ಲೇ ಅವಳ ಫ್ಲಾಸ್ಕಿನ ಚಹಾ ಕುಡಿದೆವು.

ಆಮೇಲಿನ ತಿಂಗಳು ಹೃದಯದ ಪಾಠ ಬಂತು. ಕಟುಕನ ಅಂಗಡಿಯಿಂದ ತಂದ ಕುರಿಯ ಹೃದಯವನ್ನು ಕೊಯ್ದು ನೋಡಬೇಕು. ಹುಟ್ಟಿದಾಗಿನಿಂದ ಮಾಂಸ ಮುಟ್ಟಿದವಳಲ್ಲ ನಾನು. ಕೇಕು ಮಾಡಿದರೂ ಮೊಟ್ಟೆ ಹಾಕದೆ ಮಾಡುವವಳು. ಮೇಷ್ಟ್ರ ಬಳಿ ಹೋಗಿ ಹೇಳಿಕೊಂಡೆ. ಅದಕ್ಕೇನಂತೆ, ಕಿಟಕಿಯ ಹತ್ತಿರ ಪ್ಲಾಸ್ಟಿಕ್ ಹೃದಯ ಇಟ್ಟಿರುತ್ತೇನೆ, ಅದನ್ನು ಬಿಚ್ಚಿ ಜೋಡಿಸಿ ಕಲಿತರೂ ಸಾಕು ಎಂದರು. ಆಂಟಿ ನನ್ನ ಬೆನ್ನು ತಟ್ಟಿ, ಕೊಯ್ಯುವುದನ್ನು ನನಗೆ ಬಿಡು, ನೀನು ಹಾಯಾಗಿರು ಎಂದಳು.

ಆ ದಿನ ನಾನು ಕಿಟಕಿಯ ಬಳಿ ಪ್ಲಾಸ್ಟಿಕ್ ಹೃದಯ ಬಿಚ್ಚುತ್ತಾ ಕೂತಿದ್ದೆ. ಬೇರೆ ಮೇಜುಗಳಲ್ಲೆಲ್ಲ ಕೆಲಸ ನಡೆದಿತ್ತು, ಮಾತು ನಡೆದಿತ್ತು. ನಮ್ಮ ಮೇಜಿನಲ್ಲಿ ಮಾತ್ರ ಸದ್ದಿಲ್ಲ. ನೋಡಿದರೆ ಆಂಟಿ ಕೈಗವಸು ಹಾಕಿಕೊಂಡು, ತಟ್ಟೆಯಲ್ಲಿದ್ದ ಹೃದಯವನ್ನೇ ನೋಡುತ್ತಾ ಕೂತಿದ್ದಾಳೆ. ಎದ್ದು ಹೋದೆ. ಹುಷಾರಿಲ್ಲವೇ ಎಂದು ಕೇಳಿದೆ. ಅವಳು ಮೊದಲ ಬಾರಿಗೆ ಸಣ್ಣ ದನಿಯಲ್ಲಿ ಮಾತಾಡಿದಳು.

ಅವಳ ಮೊಮ್ಮಗಳಿಗೆ ಹುಟ್ಟುವಾಗಲೇ ಹೃದಯದಲ್ಲಿ ರಂಧ್ರವಿತ್ತಂತೆ. ಎಳೆಗೂಸಿಗೆ ಆಪರೇಷನ್ ಮಾಡಿದರು. ಈಗ ಮಗುವಿಗೆ ನಾಲ್ಕು ವರ್ಷ, ಮನೆಯಲ್ಲಿ ನಿಲ್ಲದಷ್ಟು ಓಟ. ಆದರೆ ಆ ದಿನ ಡಾಕ್ಟರು ಚಿತ್ರ ಬರೆದು ವಿವರಿಸಿದಾಗ ಇವಳು ತಲೆಯಾಡಿಸಿದಳಂತೆ, ಒಂದಕ್ಷರವೂ ಅರ್ಥವಾಗಿರಲಿಲ್ಲ. ಏನು ಮಾಡಿದರು ಎಂದು ತಿಳಿದುಕೊಳ್ಳಬೇಕು, ಅದಕ್ಕೇ ಬಂದೆ ಎಂದಳು. “ನನ್ನ ಕೈಲಿ ಆಗ್ತಿಲ್ಲ ಹುಡುಗಿ. ಆದ್ರೆ ನಾನು ನೋಡ್ಲೇಬೇಕು.”

ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಆಗುತ್ತಿರಲಿಲ್ಲ. ಕೈಗವಸು ಹಾಕಿಕೊಂಡು ಅವಳ ಪಕ್ಕದಲ್ಲಿ ನಿಂತು ಹೃದಯವನ್ನು ಎತ್ತಿಕೊಂಡೆ. ತಣ್ಣಗಿತ್ತು, ನಾನೆಣಿಸಿದ್ದಕ್ಕಿಂತ ಗಟ್ಟಿಯಾಗಿತ್ತು. ಮೇಲ್ಭಾಗದಲ್ಲಿ ನಾಯಿಮರಿಯ ಕಿವಿಯಂಥ ಮೆತ್ತನೆಯ ಒಂದು ಮಡಿಕೆ ಜೋತುಬಿದ್ದಿತ್ತು. ನನ್ನ ಬಾಯಿಂದ ತಾನಾಗಿ “ಹೃತ್ಕರ್ಣ” ಎಂದು ಹೊರಟಿತು. ಶಾಲೆಯಲ್ಲಿ ಎಷ್ಟು ಸಲ ಉರು ಹೊಡೆದಿದ್ದೆ! ಕರ್ಣ ಎಂದರೆ ಕಿವಿ ಎನ್ನುವುದು ಹೊಳೆದಿರಲೇ ಇಲ್ಲ. ಹಿಂದೆ ನಿಂತಿದ್ದ ಮೇಷ್ಟ್ರು ಅದೇನು ಹೇಳಿದಿರಿ ಎಂದು ಕೇಳಿದರು. ಹೃದಯದ ಕಿವಿ ಎಂದೆ. ಅವರ ಮುಖ ಅರಳಿತು. ಇಂಗ್ಲಿಷಿನವರು ಈ ಮಡಿಕೆಗೆ ಇಟ್ಟಿರುವ ‘ಆರಿಕಲ್’ ಎಂಬ ಹಳೆಯ ಹೆಸರಿನ ಅರ್ಥವೂ ಪುಟ್ಟ ಕಿವಿ ಎಂದೇ ಅಂತೆ. ಬೋರ್ಡಿನ ಮೇಲೆ ಬರೆಯಿರಿ ಎಂದರು. ಕೈಗವಸು ಕಳಚಿ ಬರೆದೆ. ತರಗತಿಯವರೆಲ್ಲ ಒಂದೊಂದು ರೀತಿಯಲ್ಲಿ ಆ ಪದವನ್ನು ಉಚ್ಚರಿಸಲು ಹೆಣಗಿದರು, ಯಾರಿಗೂ ‘ತ್ಕ’ ಬರಲಿಲ್ಲ.

ವಾಪಸ್ ಬಂದು ಮತ್ತೆ ಕೈಗವಸು ಹಾಕಿಕೊಂಡು ಚಾಕು ಹಿಡಿದೆ. ಹಲಸಿನ ಹಣ್ಣು ಬಿಡಿಸಿದವಳಿಗೆ ಎಲ್ಲಿ ಒತ್ತಬೇಕು ಎಲ್ಲಿ ಬಿಡಬೇಕು ಎಂಬುದು ಹೇಗೋ ತಿಳಿಯುತ್ತದೆ. ಒಳಗೆ ಕವಾಟಗಳನ್ನು ಹಿಡಿದಿದ್ದ ಬಿಳಿ ಎಳೆಗಳು ಕಾಣಿಸಿದವು, ಸೀರೆಯ ಕುಚ್ಚಿನ ದಾರದ ಹಾಗೆ. ಅಲ್ಲಿಂದ ಕೆಳಗಿನ ಎರಡು ಕೋಣೆಗಳನ್ನು ಬೇರೆ ಮಾಡುವ ದಪ್ಪ ಗೋಡೆ. ಆಂಟಿಯ ಬೆರಳನ್ನು ಹಿಡಿದು ಆ ಗೋಡೆಯ ಮೇಲಿಟ್ಟೆ.

“ಇಲ್ಲೇನಾ?” ಎಂದಳು.

“ಇಲ್ಲೇ ಇದ್ದಿರಬೇಕು. ಈ ಕಡೆ ರಕ್ತ ಆ ಕಡೆಗೆ ಹೋಗ್ತಿತ್ತು. ತೇಪೆ ಹಾಕಿ ಮುಚ್ಚಿದಾರೆ, ಆಂಟಿ.”

ಅವಳು ಬೆರಳನ್ನು ಆ ಗೋಡೆಯುದ್ದಕ್ಕೂ ಮೇಲಿನಿಂದ ಕೆಳಗೆ ಮೆಲ್ಲಗೆ ಸವರಿದಳು. ಆಮೇಲೆ ನನ್ನನ್ನು ಕೇಳಿ ಚಾಕು ಇಸಕೊಂಡು ಇನ್ನೊಂದು ಬದಿಯನ್ನು ತಾನೇ ಕೊಯ್ದಳು. ಕೊಯ್ಯುತ್ತಾ ಕೊಯ್ಯುತ್ತಾ ಅವಳ ಬಸ್ಸಿನ ದನಿ ವಾಪಸ್ ಬಂತು. ಪಕ್ಕದ ಮೇಜಿನವರಿಗೂ ಸೇರಿಸಿ ಪಾಠ ಹೇಳತೊಡಗಿದಳು. ಅವತ್ತು ಮನೆಗೆ ಹೋಗಿ ನಾನು ಎರಡು ಸಲ ಸ್ನಾನ ಮಾಡಿದೆ, ನಿಜ. ಆದರೆ ಸ್ನಾನ ಮಾಡುತ್ತಾ ಹಾಡಿಕೊಳ್ಳುತ್ತಿದ್ದೆ ಎಂದು ಮಗಳು ಈಗಲೂ ಹೇಳುತ್ತಾಳೆ.

ಕೊನೆಯ ದಿನ ಎಲ್ಲರೂ ಒಂದೊಂದು ತಿಂಡಿ ತಂದು ಹಂಚಿಕೊಂಡೆವು. ಆಂಟಿ ಮೊಮ್ಮಗಳನ್ನು ಕರೆತಂದಿದ್ದಳು. ಆ ಮಗು ನನ್ನ ಕೋಡುಬಳೆಗಳನ್ನು ಬೆರಳಿಗೊಂದರಂತೆ ಸಿಕ್ಕಿಸಿಕೊಂಡು ಪ್ರಯೋಗಾಲಯದ ಮೇಜುಗಳ ಸುತ್ತ ಓಡಿತು. ಓಡಿ ಬಂದು ಏದುಸಿರು ಬಿಡುತ್ತಾ ನನ್ನ ಮಡಿಲಿಗೆ ಒರಗಿತು. ಅದರ ಎದೆ ನನ್ನ ಅಂಗೈ ಕೆಳಗೆ ಢವಢವ ಬಡಿಯುತ್ತಿತ್ತು. ಮಗು ಇನ್ನೊಂದು ಕೋಡುಬಳೆ ಕೇಳಿತು.

ಇಬ್ಬರೂ ಪಾಸಾದೆವು. ಆಂಟಿ ಸಮುದಾಯದ ಆರೋಗ್ಯ ಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿದಳು. ಎಳೆಯ ತಾಯಂದಿರಿಗೆ ಡಾಕ್ಟರು ಹೇಳಿದ್ದನ್ನು ಮತ್ತೊಮ್ಮೆ ಬಿಡಿಸಿ ಹೇಳುವುದು ಅವಳ ಕೆಲಸ. ನಾನು ಗೋದಾಮು ಬಿಟ್ಟು, ರಕ್ತ ಪರೀಕ್ಷೆಗೆ ರಕ್ತ ತೆಗೆಯುವ ತರಬೇತಿ ಪಡೆದೆ.

ಕೆಲಸಕ್ಕೆ ಸೇರಿದ ಮೊದಲ ವಾರ ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರು ನನ್ನ ಮುಂದಿನ ಕುರ್ಚಿಯಲ್ಲಿ ಕೂತರು. ಸೂಜಿ ಕಂಡರೆ ಅವರಿಗೆ ಭಯ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ನಾನು ಕನ್ನಡದಲ್ಲಿ, “ತಿಂಡಿ ಏನು ಮಾಡ್ಕೊಂಡ್ ಬಂದ್ರಿ ಅಂಕಲ್?” ಎಂದೆ. ಅವರ ಕಣ್ಣುಗಳು ತಟ್ಟನೆ ತೆರೆದವು. ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬಾ ಅಂದ್ರು, ತಿಂಡಿ ಎಲ್ಲಿಂದ ಬಂತಮ್ಮ ಎಂದು ಶುರುಮಾಡಿ, ಸೊಸೆ ರವೆಇಡ್ಲಿಗೆ ಹಿಟ್ಟು ಕಲಸಿಟ್ಟಿರುವುದನ್ನೂ ಇಲ್ಲಿನ ಮೊಸರು ಹುಳಿ ಬಾರದಿರುವುದನ್ನೂ ಮೊಮ್ಮಗ ಚಟ್ನಿ ತಿನ್ನದಿರುವುದನ್ನೂ ದೂರತೊಡಗಿದರು. ನಾನು ಹೂಂಗುಟ್ಟುತ್ತಾ ನರ ಹುಡುಕಿ, ರಕ್ತ ತೆಗೆದು, ಹತ್ತಿಯಿಟ್ಟು ಪಟ್ಟಿ ಅಂಟಿಸಿದೆ.

“ಯಾವಾಗ ಚುಚ್ತೀಯಮ್ಮ?” ಎಂದು ಅವರು ಕೇಳಿದರು.

“ಆಯ್ತು ಅಂಕಲ್. ಮನೆಗೆ ಹೋಗಿ ಬಿಸಿಬಿಸಿ ಇಡ್ಲಿ ತಿನ್ನಿ,” ಎಂದೆ.