ಸೋಮವಾರದ ಎತ್ತು

ವಿದೇಶಿ ಟೀವಿ ವಾಹಿನಿಯೊಂದರಲ್ಲಿ ಯಾವ ಕಾರ್ಯಕ್ರಮ ಯಾವ ಹೊತ್ತಿಗೆ ಬರಬೇಕೆಂದು ಗೊತ್ತುಮಾಡುವವಳು ನಾನು. ಹೊಸಪೇಟೆಯ ನಮ್ಮ ಮನೆಯ ಮಹಡಿಯಲ್ಲಿ ಕುಳಿತೇ ಮಾಡುತ್ತೇನೆ. ಈ ಕೆಲಸದಲ್ಲಿ ಪಳಗಿದವಳು, ಹೇಳಿಕೊಳ್ಳಲು ಸಂಕೋಚವೇನಿಲ್ಲ. ಇಡೀ ಜಗತ್ತಿಗೆ ಒಂದೇ ವಾಹಿನಿ. ಒಬ್ಬರು ಉಣ್ಣುವ ಹೊತ್ತಿಗೆ ಇನ್ನೊಬ್ಬರು ನಿದ್ದೆಯಲ್ಲಿರುತ್ತಾರೆ. ಅದಕ್ಕೇ ಎಂಟು ಗಂಟೆಯ ಕಾರ್ಯಕ್ರಮ ಜೋಡಿಸಿ, ಅದನ್ನೇ ದಿನಕ್ಕೆ ಮೂರು ಸಲ ತಿರುಗಿಸುತ್ತೇವೆ. ಪ್ರತಿ ದೇಶಕ್ಕೂ ಒಂದಾದರೂ ಒಳ್ಳೆಯ ಹೊತ್ತು ಸಿಗುತ್ತದೆ, ಒಂದು ದರಿದ್ರ ಹೊತ್ತೂ ಸಿಗುತ್ತದೆ.

ಆ ಸಲ ಆಯ್ಕೆಯ ಸಭೆಯಲ್ಲಿ ಅರ್ಧ ಗಂಟೆಯ ಜಾಗ ಒಂದೇ ಇತ್ತು, ಚಿತ್ರಗಳು ಎರಡು. ಒಂದು ಹಂಪಿಯದು. ಇನ್ನೊಂದು ಕಂಪ್ಲಿಯಲ್ಲಿ ಇವತ್ತಿಗೂ ಎತ್ತು ಹೂಡಿಯೇ ಭತ್ತದ ಗದ್ದೆ ಹದ ಮಾಡುವ ರೈತನದು. ಆ ರೈತ ನನ್ನ ಸೋದರಮಾವ. ಸಭೆಗೆ ಅದನ್ನು ಮೊದಲೇ ಹೇಳಿದೆ, ಮುಚ್ಚಿಡಲಿಲ್ಲ. ಚಿತ್ರೀಕರಣ ಮುಗಿದ ಮೇಲೆ ಮಾವನ ಜೋಡಿಯಲ್ಲಿ ಎಡಗಡೆಯ ಎತ್ತು ಕಾಯಿಲೆ ಬಿದ್ದು ಸತ್ತಿತ್ತು. ಅದರದೊಂದು ಫೋಟೊ ಕೂಡ ಅವನ ಹತ್ತಿರ ಇರಲಿಲ್ಲ.

"ಅದು ನಡಿಯೋದು ಇನ್ನೊಂದ್ ಸಲ ನೋಡ್ಬೇಕವ್ವಾ" ಎನ್ನುತ್ತಿದ್ದ.

"ಫೋನ್‌ನಾಗ ತರಿಸಿ ಕೊಡ್ಲೇನ್ ಮಾವಾ?"

"ಬ್ಯಾಡ. ಓಣಿ ಮಂದಿ ಎಲ್ಲಾ ಕುಂತು ಟೀವ್ಯಾಗ ನೋಡ್ಬೇಕು."

ಸಭೆಯಲ್ಲಿ ಜಗಳಕ್ಕೇ ನಿಂತೆ. ಹಂಪಿಯ ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ವರ್ಷವೂ ಅಲ್ಲೇ ಇರುತ್ತದೆ ಎಂದೆ. ಎತ್ತು ಗೆದ್ದಿತು. ಸೋಮವಾರ, ನಮ್ಮ ಮಧ್ಯಾಹ್ನ ಹನ್ನೆರಡಕ್ಕೆ ಹಾಕಿ ಎಂದಾಗ ಎಲ್ಲರೂ ನಕ್ಕರು. ನಮ್ಮ ವಾಹಿನಿಯಲ್ಲಿ ಸೋಮವಾರ ಯಾರಿಗೂ ಬೇಡದ ವಾರ. ನಗಲಿ, ಅವರಿಗೇನು ಗೊತ್ತು! ಕಂಪ್ಲಿಯಲ್ಲಿ ಸೋಮವಾರ ಬಸವಣ್ಣನ ವಾರ. ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಮಾವನ ಓಣಿಯ ರೈತರೆಲ್ಲ ಮನೆಯಲ್ಲೇ ಸಿಗುತ್ತಾರೆ.

ಲೆಕ್ಕ ತಪ್ಪಲಿಲ್ಲ. ಆ ಸೋಮವಾರ ಮಾವನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಮುಂದಿನ ಸಾಲಿನಲ್ಲೇ ಬೀಗುತ್ತಾ ಕುಳಿತಿದ್ದೆ. ಚಿತ್ರ ಶುರುವಾಯಿತು. ಗದ್ದೆ ಕಂಡಿತು, ಜೋಡಿ ಎತ್ತು ಕಂಡವು, ಮಾವ ನೊಗ ಎತ್ತಿದ.

"ಅಯ್ಯಯ್ಯೋ, ಸೋಮವಾರ ಹೂಡ್ತಾನಲ್ಲೋ!" ಎಂದು ಹಿಂದಿನಿಂದ ಒಬ್ಬಾಕೆ ಕೂಗಿದಳು. ಮಾವ ದಡಕ್ಕನೆ ಎದ್ದು ಟೀವಿ ಆರಿಸಿಬಿಟ್ಟ.

"ಮಾವಾ, ಅದು ಎಂದೋ ತೆಗೆದಿದ್ದು!"

"ತೋರ್ಸೋದು ಇವತ್ತಲ್ಲ?"

"ಅಮೆರಿಕದ ಆ ತುದ್ಯಾಗ ಇನ್ನೂ ಐತ್ವಾರ ಐತಿ."

"ನನ್ನ ಎತ್ತೇನು ಅಮೆರಿಕದ್ದಾ? ಕಂಪ್ಲೀದು" ಎಂದ. ಆಮೇಲೆ ಅವನ ದನಿ ಇಳಿಯಿತು. "ಅದು ಬದುಕಿದ್ದಾಗ ಒಂದ್ ಸೋಮವಾರನೂ ಹೂಡ್ಲಿಲ್ಲ ನಾ. ಸತ್ತ ಮ್ಯಾಲ ಹೂಡ್ಲೇನು?"

ಓಣಿಯವರು ಒಬ್ಬೊಬ್ಬರಾಗಿ ಎದ್ದರು. ರಾತ್ರಿ ಎಂಟಕ್ಕೆ ಮತ್ತೆ ಬರುತ್ತದೆ, ಆದರೆ ಆಗಲೂ ಸೋಮವಾರವೇ. ಉಳಿದದ್ದು ನಾವು ಲೆಕ್ಕಕ್ಕೇ ಹಿಡಿಯದ ಮೂರನೆಯ ಸುತ್ತು, ಮಂಗಳವಾರ ಬೆಳಗಿನ ನಾಲ್ಕರದು. ಅಳುಕುತ್ತಲೇ ಮಾವನಿಗೆ ಹೇಳಿದೆ.

"ನಾಲ್ಕಕ್ಕಾ? ಮಸ್ತ್ ಆತು. ಮೇವು ಹಾಕಾಕ ಎಲ್ಲಾರೂ ಎದ್ದೇ ಇರ್ತೀವಲ್ಲ!"

ಬಂದರು, ಕಂಬಳಿ ಹೊದ್ದುಕೊಂಡು ಎಲ್ಲರೂ ಬಂದರು. ಮಾವ ಟೀವಿಯ ಎದುರಿಗೇ ಕುಳಿತ. ಪರದೆಯ ಮೇಲೆ ಎಡಗಡೆಯ ಎತ್ತು ತಾನಾಗಿಯೇ ಕುತ್ತಿಗೆ ಬಗ್ಗಿಸಿ ನೊಗಕ್ಕೆ ಹೆಗಲು ಕೊಟ್ಟಿತು. ನನಗೆ ಅಳು ತಡೆಯಲಾಗಲಿಲ್ಲ.

"ಮಂಗಳವಾರ ಆತಪಾ" ಎಂದ ಮಾವ, ಟೀವಿಯೊಳಗಿನ ಎತ್ತಿಗೆ. "ನಡಿ ಮಗನ, ನಡಿ."